ಕ್ಲಸ್ಟರ್ ಕೊಟ್ಟಿರಿ, ನೋಡಿಕೊಳ್ಳುವವರನ್ನೂ ಕೊಡಿ: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಮ್ಮ ವಿಶ್ವವಿದ್ಯಾಲಯದ ಕ್ಲಸ್ಟರನ್ನು, ಅಂದರೆ ಹಲವು ಕಂಪ್ಯೂಟರ್‌ಗಳನ್ನು ಜೋಡಿಸಿ ದೊಡ್ಡ ಲೆಕ್ಕ ಮಾಡಿಸುವ ಯಂತ್ರವನ್ನು, ಉದ್ಘಾಟಿಸಿದವರು ನೀವೇ. ಫಲಕದಲ್ಲಿ ನಿಮ್ಮ ಹೆಸರು ಈಗಲೂ ಹೊಳೆಯುತ್ತಿದೆ. ಒಳಗೆ ಅರ್ಧಕ್ಕರ್ಧ ನೋಡ್‌ಗಳು (ಜೋಡಿಸಿದ ಆ ಕಂಪ್ಯೂಟರ್‌ಗಳು) ಕೆಟ್ಟು ಕೂತಿವೆ, ಅಷ್ಟೇ.

ಯಂತ್ರಕ್ಕೆ ಹಣ ಬಂತು. ನೋಡಿಕೊಳ್ಳಲು ಒಬ್ಬ ಸಿಸ್ಟಮ್ ಅಡ್ಮಿನ್ ಕೊಡಿ ಅಂದರೆ, ಆ ಲೆಕ್ಕ ಶೀರ್ಷಿಕೆಯಲ್ಲಿ ಸಂಬಳ ಕೊಡುವಂತಿಲ್ಲ ಎಂಬ ಉತ್ತರ. ನಿಯಮ ನಿಮಗೆ ಗೊತ್ತಿರುವುದೇ, ನಾನೇನು ಹೇಳಲಿ! ಹಾಗಾಗಿ ಆ ಕೆಲಸ ಪಿಎಚ್‌ಡಿ ಮಾಡುತ್ತಿರುವ ನನ್ನ ತಲೆಗೆ ಬಂದಿದೆ. ಎಲ್ಲರ ಜಾಬ್‌ಗಳನ್ನು, ಅಂದರೆ ಕ್ಲಸ್ಟರಿಗೆ ಕೊಟ್ಟ ಲೆಕ್ಕಗಳನ್ನು, ಸರದಿಯಲ್ಲಿ ನಡೆಸುವ ಸ್ಲರ್ಮ್ ಕ್ಯೂ ನಿಂತರೆ ನನಗೆ ಫೋನು. ಡಿಸ್ಕ್ ತುಂಬಿದರೆ ನನಗೆ ಫೋನು. ಪ್ರಬಂಧ ಎಲ್ಲಿ ಅಂತ ಗೈಡ್ ಕೇಳುತ್ತಾರೆ, ಪಾಪ, ಅವರದ್ದೂ ತಪ್ಪಲ್ಲ.

ಕಳೆದ ತಿಂಗಳು ಆದದ್ದು ಕೇಳಿ. ವಾರಗಟ್ಟಲೆ ಕ್ಯೂನಲ್ಲಿ ಕಾದ ಮೇಲೆ ನನ್ನ ಪ್ರೋಟೀನ್ ಸಿಮ್ಯುಲೇಶನ್ ಶುರುವಾಗಿತ್ತು. ಶುಕ್ರವಾರ ಸಂಜೆ ಯಾರೋ ಬಂದು ಸರ್ವರ್ ರೂಮಿನ ಎಸಿ ಆರಿಸಿ, ಬೀಗ ಹಾಕಿಕೊಂಡು ಹೋದರು. ವಿದ್ಯುತ್ ಉಳಿತಾಯದ ಸುತ್ತೋಲೆಯಂತೆ. ಬಿಸಿ ಏರಿ ಒಂದು ನೋಡ್ ತಾನಾಗಿಯೇ ಆಫ್ ಆಯಿತು. ನನ್ನದು ಎಂಪಿಐ ಎಂಬ ವಿಧಾನದ ಜಾಬ್. ಅದರಲ್ಲಿ ಎಲ್ಲ ನೋಡ್‌ಗಳೂ ಒಂದಕ್ಕೊಂದು ಡೇಟಾ ಕೊಟ್ಟು ತೆಗೆದುಕೊಂಡು ಲೆಕ್ಕ ಮಾಡುತ್ತವೆ. ಒಂದು ಸತ್ತರೆ ಸಾಮಾನ್ಯವಾಗಿ ಇಡೀ ಜಾಬೇ ಸಾಯುತ್ತದೆ. ಸತ್ತಿತು. ಅಲ್ಲಿವರೆಗಿನ ಲೆಕ್ಕ ಉಳಿಸಿಡುವ ಚೆಕ್‌ಪಾಯಿಂಟ್ ಫೈಲ್ ಇರಲಿಲ್ವಾ ಅಂತೀರಾ? ಡಿಸ್ಕ್ ತುಂಬಿ ಆ ಫೈಲೂ ಅರ್ಧಂಬರ್ಧ ಬರೆದು ನಿಂತಿತ್ತು. ಸೋಮವಾರ ಕಚೇರಿಗೆ ಹೋಗಿ ಕೇಳಿದರೆ, "ಯಾರೂ ಕೂರದ ಕೋಣೆಗೆ ಎಸಿ ಯಾಕಮ್ಮ?" ಅಂದರು. ಸರಿನೇ ಅಲ್ವಾ! ಕೂರೋಕೆ ಒಬ್ಬರನ್ನು ಕೊಟ್ಟಿದ್ದರೆ ತಾನೇ?

1994ರಲ್ಲಿ ನಾಸಾದಲ್ಲಿ ಥಾಮಸ್ ಸ್ಟರ್ಲಿಂಗ್, ಡೊನಾಲ್ಡ್ ಬೆಕರ್ 486 ಎಂಬ ಮಾದರಿಯ ಸಾಧಾರಣ ಪ್ರೊಸೆಸರ್‌ಗಳನ್ನು, ಬರೀ 16, ಈಥರ್ನೆಟ್‌ನಲ್ಲಿ ಜೋಡಿಸಿ ಬಿಯೋವುಲ್ಫ್ ಕ್ಲಸ್ಟರ್ ಕಟ್ಟಿದರು. ಯಂತ್ರ ಅಗ್ಗದ್ದು, ಆದರೆ ಗೊತ್ತಿರುವ ಜನ ಪಕ್ಕದಲ್ಲೇ ಇದ್ದರು. ನಮ್ಮಲ್ಲಿ ಉಲ್ಟಾ.

ಈಗ ಇನ್ನೂ ಜಾಸ್ತಿ ಕೋರ್ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ) ಕೊಡುತ್ತೇವೆ ಎಂದು ಘೋಷಿಸಿದ್ದೀರಿ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ಎತ್ತಿದ ವಾದ ನೋಡಿ. ಪ್ರೋಗ್ರಾಮಿನ ಶೇ. 5 ಭಾಗ ಒಂದಾದ ಮೇಲೊಂದರಂತೆಯೇ ನಡೆಯಬೇಕಿದ್ದರೆ, ಎಷ್ಟು ಕೋರ್ ಸುರಿದರೂ ವೇಗ 20 ಪಟ್ಟು ದಾಟುವುದಿಲ್ಲ. ಆ ಶೇ. 5ನ್ನು ಕಡಿಮೆ ಮಾಡಲು ಕೋಡ್ ತಿದ್ದುವವರು ಬೇಕು. ಅಲ್ಲಿಗೂ ಮನುಷ್ಯರೇ ಬೇಕು, ಸ್ವಾಮಿ.

ಹೊಸ ರ‍್ಯಾಕ್ ಸದ್ಯಕ್ಕೆ ಬೇಡ. ಒಂದು ಕಾಯಂ ಹುದ್ದೆ ಮಂಜೂರು ಮಾಡಿ. ಮುಗಿದುಹೋದ ವಾರ್ಷಿಕ ನಿರ್ವಹಣೆ ಒಪ್ಪಂದ ನವೀಕರಿಸಿ. ಮತ್ತೆ ಹೇಳುತ್ತೇನೆ, ಒಂದೇ ಒಂದು ಹುದ್ದೆ. ಅದು ಬರುವವರೆಗೆ ಆ ಎಸಿ ಸ್ವಿಚ್ಚಿಗೆ ಯಾರೂ ಕೈ ಹಾಕಬಾರದು ಅಂತ ಇನ್ನೊಂದು ಸುತ್ತೋಲೆಯನ್ನಾದರೂ ಕಳಿಸಿ.

ಇಂತಿ,
ಒಬ್ಬ ಸಂಶೋಧನಾ ವಿದ್ಯಾರ್ಥಿನಿ