ನೋವು ಅರ್ಧ ಇಳಿದಿದೆ, ಅಮ್ಮ

ಲೀಡ್ಸ್, ಇಂಗ್ಲೆಂಡ್

ಪ್ರೀತಿಯ ಅಮ್ಮ, ಅಪ್ಪಯ್ಯ,

ಇಬ್ಬರಿಗೂ ನಮಸ್ಕಾರ. ನಾವಿಲ್ಲಿ ಕ್ಷೇಮ. ಪುಟ್ಟಿಗೆ ನೆಗಡಿ ಬಿಟ್ಟಿದೆ, ಸ್ಕೂಲಿಗೆ ಹೋಗುತ್ತಿದ್ದಾಳೆ. ತಮ್ಮನ ಮದುವೆಗೆ ಮುಹೂರ್ತ ಗೊತ್ತಾಯಿತು ಎಂದು ಕೇಳಿ ತುಂಬಾ ಖುಷಿಯಾಯಿತು. ಖಂಡಿತ ಬರುತ್ತೇವೆ. ಆದರೆ ಬರುವ ಮೊದಲು ನನ್ನ ಬೆನ್ನಿನ ವಿಷಯ, ನೋವಿಗೆಂದು ಬೆನ್ನುಹುರಿಯ ಬಳಿ ಹಾಕಿಸಿಕೊಂಡ ಕರೆಂಟ್ ಯಂತ್ರದ ವಿಷಯ ನಿಮಗೆ ಪೂರ್ತಿ ಗೊತ್ತಿರಬೇಕು. ಫೋನಿನಲ್ಲಿ ಇದನ್ನೆಲ್ಲ ಹೇಳಲು ಆಗುವುದಿಲ್ಲ. ಅರ್ಧಕ್ಕೇ ಅಮ್ಮ ಅಳುತ್ತಾಳೆ, ಅಪ್ಪಯ್ಯ ಫೋನು ತಮ್ಮನ ಕೈಗೆ ಕೊಡುತ್ತೀರಿ. ಕಾಗದವಾದರೆ ನಿಧಾನವಾಗಿ ಎರಡು ಸಲ ಓದಬಹುದು.

ಅಮ್ಮ, ನೀನು ಪ್ರತಿ ಸಲ ಕೇಳುವುದು ಒಂದೇ. "ಪೂರ್ತಿ ಗುಣ ಆಯ್ತಾ ಕೂಸೇ?" ಇಲ್ಲ ಅಮ್ಮ. ಪೂರ್ತಿ ಗುಣ ಆಗಿಲ್ಲ. ಆಗುತ್ತದೆ ಎಂದು ಇಲ್ಲಿಯ ಡಾಕ್ಟರ್ ಯಾರೂ ಹೇಳಿಯೂ ಇಲ್ಲ. ನೋವು ಅರ್ಧದಷ್ಟು ಇಳಿದಿದೆ. ಆ ಅರ್ಧ ಎಷ್ಟು ದೊಡ್ಡದು ಎಂದು ನಿನಗೆ ತಿಳಿಸಬೇಕು ಅಂತಲೇ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಯೊಬ್ಬರು ಬೀಳುವುದನ್ನು ತಡೆಯಲು ಹೋಗಿ ನನ್ನ ಸೊಂಟದ ಡಿಸ್ಕ್ ಜಾರಿದ್ದು, ಅದಕ್ಕೆ ಆಪರೇಷನ್ ಆಗಿದ್ದು ನಿಮಗೆ ಗೊತ್ತು. ಆಪರೇಷನ್ ಕೆಟ್ಟಿತು ಎಂದು ಊರಲ್ಲಿ ಮಾತಾಡಿಕೊಳ್ಳುತ್ತಾರಂತೆ. ಹಾಗಲ್ಲ. ನರವನ್ನು ಒತ್ತುತ್ತಿದ್ದ ಚೂರನ್ನು ಸರಿಯಾಗಿಯೇ ತೆಗೆದರು. ಆದರೆ ಅಷ್ಟು ದಿನ ನಜ್ಜಿದ್ದ ನರ ಆಮೇಲೂ ನೋವಿನ ಸುದ್ದಿ ಕಳಿಸುವುದನ್ನು ಬಿಡಲಿಲ್ಲ. ಹೀಗೆ ಬಹಳ ಜನರಿಗೆ ಆಗುತ್ತದೆ. ಪೃಷ್ಠದಿಂದ ಶುರುವಾಗಿ ಮೀನಖಂಡ, ಪಾದದವರೆಗೂ ಉರಿ. ಕಾಲುಚೀಲ ತಾಗಿದರೂ ಸಹಿಸಲಾಗದಂಥ ಉರಿ. ಕುಳಿತು ಊಟ ಮಾಡಲು ಆಗುತ್ತಿರಲಿಲ್ಲ. ಅಡುಗೆಮನೆ ಕಟ್ಟೆಯ ಹತ್ತಿರ ನಿಂತೇ ತಿನ್ನುತ್ತಿದ್ದೆ.

ನರದ ನೋವಿಗೆ ಮಾತ್ರೆಗಳು ಇದ್ದವು. ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್. ಅವುಗಳಿಂದ ನಿದ್ದೆ ಬರುತ್ತಿತ್ತು, ಜೊತೆಗೆ ತಲೆಯೆಲ್ಲ ಮಂಕಾಗುತ್ತಿತ್ತು. ಪುಟ್ಟಿ ಸ್ಕೂಲಿಂದ ಬಂದು ಹೇಳಿದ್ದು ಸಂಜೆಗೆ ಮರೆತುಹೋಗುತ್ತಿತ್ತು. ಊರಿನಿಂದ ಮಾತ್ರೆ ಕಳಿಸಲಾ ಎಂದು ಭಾವ ಕೇಳಿದ್ದರು. ಬೇಡ ಎಂದು ಹೇಳಿ. ಗ್ಯಾಬಪೆಂಟಿನ್ 2019ರಿಂದ ಇಲ್ಲಿ ನಿಯಂತ್ರಿತ ಔಷಧಿಗಳ ಪಟ್ಟಿಯಲ್ಲಿದೆ, ಪಾರ್ಸೆಲ್‌ನಲ್ಲಿ ತರಿಸುವ ಹಾಗಿಲ್ಲ. ಈಗ ನನ್ನ ಡೋಸ್ ಕೂಡ ಬಹಳ ಇಳಿದಿದೆ.

ಅಪ್ಪಯ್ಯ, ಬೆನ್ನುಹುರಿಗೆ ಕರೆಂಟ್ ಕೊಟ್ಟರೆ ನೋವು ಹೆಚ್ಚಾಗಬೇಕು, ಕಡಿಮೆ ಹೇಗೆ ಆಗುತ್ತದೆ ಎಂದು ನೀವು ಕೇಳಿದ್ದಿರಿ. ಮಕ್ಕಳಿಗೆ ವಿಜ್ಞಾನ ಕಲಿಸಿದವರು, ಕೇಳದೆ ಬಿಡುತ್ತೀರಾ! ಮೊಣಕಾಲು ಮೇಜಿಗೆ ಬಡಿದರೆ ಕೂಡಲೇ ಕೈಯಿಂದ ಉಜ್ಜುತ್ತೇವೆ. ಉಜ್ಜಿದರೆ ಸ್ವಲ್ಪ ಹಗುರ ಅನ್ನಿಸುತ್ತದೆ, ಅಲ್ವಾ? ಸ್ಪರ್ಶವನ್ನು ತಿಳಿಸುವ ನರದ ಎಳೆಗಳು ದಪ್ಪ, ಸುದ್ದಿಯನ್ನು ಬೇಗ ಸಾಗಿಸುತ್ತವೆ. ಉರಿ ನೋವನ್ನು ತಿಳಿಸುವ ಎಳೆಗಳು ಸಣ್ಣ, ನಿಧಾನ. ಎರಡೂ ಬಂದು ಸೇರುವುದು ಬೆನ್ನುಹುರಿಯಲ್ಲೇ. ದಪ್ಪ ಎಳೆಗಳಿಂದ ಸುದ್ದಿ ಜಾಸ್ತಿ ಬಂದಾಗ ಸಣ್ಣ ಎಳೆಗಳ ಸುದ್ದಿ ಮಿದುಳಿಗೆ ಹೋಗುವುದು ಕಡಿಮೆಯಾಗುತ್ತದೆ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು 1965ರಲ್ಲಿ ಇದನ್ನು ಬರೆದರು. ಬೆನ್ನುಹುರಿಯಲ್ಲಿ ನೋವಿಗೆ ಒಂದು ಗೇಟ್ ಇದೆ ಎಂದರು. ಎರಡೇ ವರ್ಷಕ್ಕೆ, 1967ರಲ್ಲಿ, ಅಮೆರಿಕದ ನಾರ್ಮನ್ ಶೀಲಿ ಎಂಬ ಸರ್ಜನ್ ಕ್ಯಾನ್ಸರ್ ನೋವಿದ್ದ ರೋಗಿಯೊಬ್ಬರ ಬೆನ್ನುಹುರಿಯ ಬಳಿ ಮೊದಲ ಬಾರಿಗೆ ಎಲೆಕ್ಟ್ರೋಡ್, ಅಂದರೆ ಕರೆಂಟ್ ಕೊಡುವ ತುದಿ, ಇಟ್ಟರು. ಈಗ ಮಿದುಳಿನ ಪಾಲೂ ಇದೆ, ವಿಷಯ ಅಷ್ಟು ಸರಳವಲ್ಲ ಎನ್ನುತ್ತಾರೆ. ಆದರೂ ಶುರುವಾಗಿದ್ದು ಅಲ್ಲಿಂದ. ಅದಕ್ಕೂ ಎಷ್ಟೋ ಮೊದಲು, ಒಂದನೇ ಶತಮಾನದಲ್ಲಿ, ರೋಮಿನ ಸ್ಕ್ರಿಬೋನಿಯಸ್ ಲಾರ್ಗಸ್ ಎಂಬ ವೈದ್ಯ ಗೌಟ್ ಎಂಬ ಕೀಲುನೋವಿದ್ದವರ ಪಾದದ ಕೆಳಗೆ ಶಾಕ್ ಹೊಡೆಯುವ ಮೀನನ್ನು ಇಡಿಸುತ್ತಿದ್ದನಂತೆ. ಇದನ್ನು ಓದಿದಾಗ ಮೊದಲು ನೆನಪಾದದ್ದು ನೀವೇ.

ಇಲ್ಲಿ ಈ ಯಂತ್ರವನ್ನು ಕೇಳಿದವರಿಗೆಲ್ಲ ಹಾಕುವುದಿಲ್ಲ. 2008ರಲ್ಲಿ ನೈಸ್ ಎಂಬ ಇಲ್ಲಿಯ ಸರ್ಕಾರಿ ಸಂಸ್ಥೆ ನಿಯಮ ಮಾಡಿದೆ. ಬೇರೆ ಚಿಕಿತ್ಸೆ ಮಾಡಿಯೂ ನರದ ನೋವು ಸೊನ್ನೆಯಿಂದ ನೂರರ ಅಳತೆಯಲ್ಲಿ ಕನಿಷ್ಠ 6 ತಿಂಗಳು 50ಕ್ಕಿಂತ ಕೆಳಗೆ ಇಳಿದಿರಬಾರದು. ಡಾಕ್ಟರ್, ನರ್ಸ್, ಫಿಸಿಯೋಥೆರಪಿಸ್ಟ್, ಮನಶ್ಶಾಸ್ತ್ರಜ್ಞರು ಎಲ್ಲರೂ ಸೇರಿ ನೋಡುತ್ತಾರೆ. ಆಮೇಲೂ ಮೊದಲು ಟ್ರಯಲ್, ಅಂದರೆ ಕೆಲವು ದಿನ ತಾತ್ಕಾಲಿಕವಾಗಿ ವೈರ್ ಹಾಕಿ ನೋಡುವುದು. ಅದರಲ್ಲಿ ಗುಣ ಕಾಣದಿದ್ದರೆ ವೈರ್ ತೆಗೆದು ಮನೆಗೆ ಕಳಿಸುತ್ತಾರೆ.

ಟ್ರಯಲ್ ದಿನವನ್ನು ನಾನು ಮರೆಯುವುದಿಲ್ಲ. ಬೋರಲು ಮಲಗಿಸಿ, ಬೆನ್ನಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ದಪ್ಪ ಸೂಜಿಯೊಳಗಿಂದ ತೆಳ್ಳಗಿನ ವೈರ್ ಬಿಟ್ಟರು. ಪೂರ್ತಿ ಎಚ್ಚರ ತಪ್ಪಿಸುವುದಿಲ್ಲ. ಯಾಕೆಂದರೆ ಕರೆಂಟ್ ಎಲ್ಲಿ ತಾಗುತ್ತಿದೆ ಎಂದು ನಾವೇ ಹೇಳಬೇಕು. ಮೊದಲು ಹೊಟ್ಟೆಯ ಬದಿಯಲ್ಲಿ ಜುಮ್ ಎಂದಿತು. ವೈರನ್ನು ಸ್ವಲ್ಪ ಸರಿಸಿದರು. ತೊಡೆಗೆ ಬಂತು. ಮತ್ತೆ ಸರಿಸಿದರು. ಮೀನಖಂಡ, ಹಿಮ್ಮಡಿ, ಆಮೇಲೆ ಪಾದ. ಉರಿ ಇದ್ದ ಜಾಗದಲ್ಲೆಲ್ಲ ಜುಮುಜುಮು ಹರಡಿತು, ಉರಿ ಅದರ ಅಡಿಯಲ್ಲಿ ಉಳಿಯಿತು. "ಅಲ್ಲೇ, ಅಲ್ಲೇ ಇರಲಿ" ಎಂದು ಕನ್ನಡದಲ್ಲೇ ಕೂಗಿದೆನಂತೆ. ನನ್ನ ಕೈ ಹಿಡಿದಿದ್ದ ನರ್ಸ್‌ಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು.

ಆ ದಿನಗಳಲ್ಲಿ ವೈರ್ ಬೆನ್ನಿನಿಂದ ಹೊರಗೆ ಬಂದು ಸೊಂಟದಲ್ಲಿದ್ದ ಪೆಟ್ಟಿಗೆಗೆ ಸೇರಿತ್ತು. ಸ್ನಾನ ಇಲ್ಲ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವುದು ಮಾತ್ರ. ಹತ್ತಕ್ಕೆ ಎಂಟಿದ್ದ ನೋವು ನಾಲ್ಕಕ್ಕೆ ಬಂತು. ಇವರ ಮತ್ತು ಪುಟ್ಟಿಯ ಜೊತೆ ಕುರ್ಚಿಯಲ್ಲಿ ಕುಳಿತು ಅನ್ನ ಸಾರು ಊಟ ಮಾಡಿದೆ. ರೌಂಡ್‌ಹೇ ಪಾರ್ಕಿನ ಕೆರೆಯವರೆಗೆ ನಡೆದೆವು. ಪುಟ್ಟಿ ಓಡಿ ಮುಂದೆ ಹೋಗುವಳು, ತಿರುಗಿ ನೋಡುವಳು, ನಾನು ಹಿಂದೆಯೇ ಬರುತ್ತಿದ್ದೆ. ಅಮ್ಮ, ನೋವು ಅರ್ಧ ಇಳಿಯಿತು ಎಂದರೆ ಇದು. ಉಳಿದರ್ಧ ಹೋಗಲಿ ಎಂದು ಅಂದು ನನಗೆ ಅನ್ನಿಸಲೇ ಇಲ್ಲ.

ಆಮೇಲೆ ಶಾಶ್ವತವಾಗಿ ಹಾಕಿದರು. ವೈರ್ ಬೆನ್ನುಹುರಿಯ ಹೊರಪೊರೆಯ ಆಚೆಗೆ ಇರುತ್ತದೆ, ಹುರಿಯ ಒಳಗೆ ಅಲ್ಲ. ಬ್ಯಾಟರಿ ಎಡ ಪೃಷ್ಠದ ಮೇಲ್ಭಾಗದಲ್ಲಿ ಚರ್ಮದ ಕೆಳಗೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಮೊದಲ ವಾರಗಳಲ್ಲಿ ಬಗ್ಗಬಾರದು, ತಿರುಚಬಾರದು, ಭಾರ ಎತ್ತಬಾರದು. ವೈರಿನ ಸುತ್ತ ಮಾಂಸ ಬೆಳೆದು ಹಿಡಿದುಕೊಳ್ಳುವ ಮೊದಲು ಅದು ಒಂದಿಷ್ಟು ಸರಿದರೂ ಕರೆಂಟ್ ಬೇರೆ ಜಾಗಕ್ಕೆ ಹೋಗುತ್ತದೆ. ಇವರು ಅಡುಗೆ ಮಾಡಿದರು. ಪುಟ್ಟಿ ನನ್ನ ಶೂ ಲೇಸ್ ಕಟ್ಟಿದಳು.

ಕಷ್ಟ ಶುರುವಾಗಿದ್ದು ಗಾಯ ಮಾಗಿದ ಮೇಲೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಯಂತ್ರ ಹಾಕಿದ ಕೂಡಲೇ ಕೆಲಸ ಮುಗಿಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಮೈ ಅದನ್ನು ಒಪ್ಪಿಕೊಳ್ಳಬೇಕು, ಮನಸ್ಸೂ ಒಪ್ಪಿಕೊಳ್ಳಬೇಕು. ಅಂಗಾತ ಮಲಗಿದರೆ ಬೆನ್ನುಹುರಿ ಎಲೆಕ್ಟ್ರೋಡಿಗೆ ಹತ್ತಿರವಾಗುತ್ತದೆ, ಜುಮುಜುಮು ಇದ್ದಕ್ಕಿದ್ದಂತೆ ಜೋರಾಗುತ್ತದೆ. ಕೆಮ್ಮಿದರೆ, ಸೀನಿದರೆ ಕಾಲಿಗೆ ಚಿಮ್ಮಿದ ಹಾಗೆ. ಮೊದಮೊದಲು ರಾತ್ರಿ ಮಗ್ಗುಲು ಬದಲಿಸಲೂ ಹೆದರುತ್ತಿದ್ದೆ. ಈಗ ರಿಮೋಟ್ ದಿಂಬಿನ ಪಕ್ಕದಲ್ಲೇ ಇರುತ್ತದೆ. ಮಲಗಲು ಒಂದು ಪ್ರೋಗ್ರಾಮ್, ಕೂರಲು ಒಂದು, ನಡೆಯಲು ಒಂದು. ಜುಮ್ ಎನ್ನದ ಬಗೆಯ ಯಂತ್ರಗಳೂ ಬಂದಿವೆ, ಸೆಕೆಂಡಿಗೆ 10,000 ಸಲ ಮಿಡಿಯುತ್ತವೆ. ನನ್ನದು ಹಳೆಯ ಬಗೆಯದು, ಸೆಕೆಂಡಿಗೆ ಸುಮಾರು 50 ಸಲ. ಕಾರು ಓಡಿಸುವಾಗ ಆಫ್ ಮಾಡಬೇಕು. ಹಾಗಾಗಿ ದೂರ ಓಡಿಸುವುದನ್ನು ಬಿಟ್ಟಿದ್ದೇನೆ.

ಚಾರ್ಜ್ ಮಾಡುವುದು ಸುಲಭ. ಬೆಲ್ಟಿಗೆ ಸಿಕ್ಕಿಸಿದ ಚಾರ್ಜರನ್ನು ಬ್ಯಾಟರಿಯ ಮೇಲೆ ಬರುವಂತೆ ಕಟ್ಟಿಕೊಂಡು ಕೂತರಾಯಿತು. ಸ್ವಲ್ಪ ಬೆಚ್ಚಗಾಗುತ್ತದೆ. ಆ ಹೊತ್ತು ಪುಟ್ಟಿಯ ಕನ್ನಡ ಪಾಠಕ್ಕೆ ಮೀಸಲು. "ಅಮ್ಮಾ, ನಿನ್ನ ಚಾರ್ಜಿಂಗ್ ಟೈಮ್" ಎಂದು ಅವಳೇ ಪುಸ್ತಕ ತರುತ್ತಾಳೆ.

ವಾರ್ಡಿಗೆ ನಾನು ಮತ್ತೆ ಹೋಗುವುದಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ಮಾತು. ರೋಗಿಗಳನ್ನು ಎತ್ತಿ ಕೂರಿಸುವುದು, ತಿರುಗಿಸಿ ಮಲಗಿಸುವುದು ಇನ್ನು ಆಗದು. ಈಗ ಆಪರೇಷನ್‌ಗೆ ಮೊದಲು ತಪಾಸಣೆ ಮಾಡುವ ಕ್ಲಿನಿಕ್ಕಿನಲ್ಲಿ ಕೆಲಸ. ಹೆದರಿ ಬಂದವರ ಜೊತೆ ಕೂತು ಮಾತಾಡುವುದು ಜಾಸ್ತಿ. ಆ ಕೆಲಸ ನನಗೆ ಹಿಡಿಸಿದೆ.

ತಮ್ಮ ನೆಟ್‌ನಲ್ಲಿ ಓದಿ, ಈ ಯಂತ್ರದಿಂದ ಪ್ರಯೋಜನ ಇಲ್ಲವಂತೆ ಎಂದು ಮೆಸೇಜ್ ಮಾಡಿದ್ದ. ಅವನು ಓದಿದ್ದು ಸುಳ್ಳಲ್ಲ. ಕಾಕ್ರೇನ್ ಸಂಸ್ಥೆ 2023ರಲ್ಲಿ ಸೊಂಟನೋವಿನ ಮೇಲಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿ, ದೀರ್ಘಕಾಲದ ಲಾಭ ಇರಲಾರದು ಎಂದಿತು. ಇನ್ನೊಂದು ಕಡೆ, 2007ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ನನ್ನ ಹಾಗೆ ಆಪರೇಷನ್ ಆಗಿಯೂ ಕಾಲುನೋವು ಉಳಿದಿದ್ದ 100 ಜನರ ಮೇಲೆ ನಡೆದದ್ದು. ಆರು ತಿಂಗಳಲ್ಲಿ ಯಂತ್ರ ಹಾಕಿಸಿಕೊಂಡವರಲ್ಲಿ ಶೇ. 48 ಜನರಿಗೆ ಕಾಲುನೋವು ಅರ್ಧವೋ ಅದಕ್ಕಿಂತ ಹೆಚ್ಚೋ ಇಳಿದಿತ್ತು. ಬರೀ ಔಷಧಿ, ವ್ಯಾಯಾಮದಲ್ಲಿ ಇದ್ದವರಲ್ಲಿ ಶೇ. 9. ಕಾಲಿನ ಉರಿಗೆ ಆದಷ್ಟು ಉಪಕಾರ ಸೊಂಟಕ್ಕೆ ಆಗಿಲ್ಲ, ನನ್ನ ಮೈಯಲ್ಲೂ ಹಾಗೇ. ಕೆಲವರಿಗೆ ವರ್ಷಗಳು ಕಳೆದಂತೆ ಗುಣ ಕಡಿಮೆಯಾಗುತ್ತದೆ. ನನಗೂ ಆಗಬಹುದು. ಇದನ್ನು ತಿಳಿದೇ ಹಾಕಿಸಿಕೊಂಡಿದ್ದೇನೆ. ತಮ್ಮನಿಗೆ ಈ ಭಾಗ ಓದಿ ಹೇಳಿ.

ಇನ್ನು ಮದುವೆಗೆ ಬಂದಾಗಿನ ವಿಷಯ. ಪೇಟೆಯ ಫಿಸಿಯೋಥೆರಪಿ ಸೆಂಟರಿಗೆ ನನ್ನನ್ನು ಕರೆದುಕೊಂಡು ಹೋಗಬೇಡಿ. ಅಪ್ಪಯ್ಯನ ಭುಜಕ್ಕೆ ಕೊಡುತ್ತಾರಲ್ಲ ಡಯಾಥರ್ಮಿ ಶಾಖ, ಅದು ನನಗೆ ತೀರಾ ಅಪಾಯ. ಯಂತ್ರ ಆಫ್ ಇದ್ದರೂ ವೈರ್ ಕಾದು ಒಳಗೆ ಸುಟ್ಟುಬಿಡುತ್ತದೆ. ಅಪಘಾತವೋ ಏನೋ ಆಗಿ ನಾನು ಮಾತಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ, ಎಂಆರ್‌ಐ ಮಾಡುವ ಮೊದಲು, ಯಾವುದೇ ಆಪರೇಷನ್ ಮಾಡುವ ಮೊದಲು ಡಾಕ್ಟರಿಗೆ ನನ್ನ ಪರ್ಸಿನಲ್ಲಿರುವ ಕಾರ್ಡ್ ತೋರಿಸಿ. ಅದರ ಫೋಟೋ ತಮ್ಮನಿಗೆ ಕಳಿಸಿದ್ದೇನೆ. ಅಮ್ಮ, ಎಣ್ಣೆ ಹಚ್ಚು, ಆದರೆ ಬೆನ್ನು ಸೊಂಟ ಮಾತ್ರ ಒತ್ತಬೇಡ. ಲಂಗದ ಲಾಡಿ ಸರಿಯಾಗಿ ಬ್ಯಾಟರಿಯ ಮೇಲೇ ಬರುತ್ತದೆ. ಧಾರೆಯ ಹೊತ್ತಿಗೆ ಸೀರೆ ಉಡುತ್ತೇನೆ, ಉಳಿದ ಹೊತ್ತು ಚೂಡಿದಾರ. ಮಣೆ ಮೇಲೆ ಕೂರಲು ಆಗುವುದಿಲ್ಲ. ಪಂಕ್ತಿಯ ಕೊನೆಯಲ್ಲಿ ಒಂದು ಕುರ್ಚಿ, ಮೇಜು ಹಾಕಿಸಿ. ದೊಡ್ಡಮ್ಮನಿಗೂ ಮಂಡಿನೋವು ಇದೆಯಲ್ಲ, ನಾವಿಬ್ಬರೂ ಒಟ್ಟಿಗೆ ಕೂರುತ್ತೇವೆ. ಕರೆಂಟ್ ಹೋದರೆ ಏನು ಗತಿ ಎಂದು ಹೆದರಬೇಡ. ಮೈಯಲ್ಲಿರುವ ಬ್ಯಾಟರಿ ಹಲವು ದಿನ ಬರುತ್ತದೆ. ಚಾರ್ಜರಿಗೂ ಅದರದೇ ಬ್ಯಾಟರಿ ಇದೆ. ನನ್ನನ್ನು ಮುಟ್ಟಿದರೆ, ಮಕ್ಕಳು ತೊಡೆ ಮೇಲೆ ಕೂತರೆ ಯಾರಿಗೂ ಶಾಕ್ ಹೊಡೆಯುವುದಿಲ್ಲ. ಇದನ್ನು ಬಂದವರಿಗೆಲ್ಲ ನೀನೇ ಹೇಳು, ಕೇಳಿದವರಿಗೆಲ್ಲ ಹೇಳುತ್ತಾ ಕೂರುವುದು ನನಗೆ ಸುಸ್ತು.

ಕಾರಿನಲ್ಲಿ ಆಗುಂಬೆ ಘಾಟಿ ಹತ್ತಿ ಬರುವ ಧೈರ್ಯ ಇನ್ನೂ ಇಲ್ಲ. ಬೆಂಗಳೂರಿಗೆ ಇಳಿದು, ರಾತ್ರಿ ರೈಲಿನಲ್ಲಿ ಮಲಗಿಕೊಂಡು ಶಿವಮೊಗ್ಗಕ್ಕೆ ಬರುತ್ತೇವೆ. ಅಲ್ಲಿಂದ ತಮ್ಮ ನಿಧಾನವಾಗಿ ಕರೆದುಕೊಂಡು ಬರಲಿ.

ಅಮ್ಮ, ನೀನು ಧರ್ಮಸ್ಥಳಕ್ಕೆ ಹೊತ್ತ ಹರಕೆ ಗೊತ್ತಿದೆ. ಮಗಳು ಪೂರ್ತಿ ಗುಣವಾದ ಮೇಲೆ ತೀರಿಸುತ್ತೇನೆ ಎಂದು ಕಾದಿದ್ದೀಯ. ಕಾಯಬೇಡ. ಮದುವೆ ಮುಗಿದ ವಾರದಲ್ಲೇ ಹೋಗಿ ಬರೋಣ, ನಾನೂ ಜೊತೆಗೆ ಬರುತ್ತೇನೆ. ಸಾಲಿನಲ್ಲಿ ನಿಲ್ಲಲು ಸಾಕಾದರೆ ಎಲ್ಲಾದರೂ ಕೂರುತ್ತೇನೆ, ಆಮೇಲೆ ಮತ್ತೆ ಬಂದು ನಿನ್ನ ಜೊತೆ ನಿಲ್ಲುತ್ತೇನೆ. ನನ್ನನ್ನು ರೋಗಿ ಎನ್ನಬೇಡ, ಗುಣವಾದಳು ಎಂದೂ ಊರಿಗೆಲ್ಲ ಹೇಳಬೇಡ. ಕೆಲವು ದಿನ ಬೆಳಿಗ್ಗೆ ಎದ್ದಾಗ ಮಾತು ಬೇಡವಾಗುತ್ತದೆ, ಆ ದಿನ ಸುಮ್ನೆ ಬಿಟ್ಟುಬಿಡು. ಉಳಿದ ದಿನ ಹೋಳಿಗೆಯ ಹೂರಣ ಉಂಡೆ ಮಾಡುವ ಕೆಲಸ ನನಗೇ ಇರಲಿ, ಕೂತು ಮಾಡುತ್ತೇನೆ.

ರಜೆಗೆ ಅರ್ಜಿ ಹಾಕಿದ್ದೇನೆ. ಟಿಕೆಟ್ ಆದ ಕೂಡಲೇ ತಮ್ಮನಿಗೆ ತಿಳಿಸುತ್ತೇನೆ. ಅಪ್ಪಯ್ಯ, ಬಿಪಿ ಮಾತ್ರೆ ತಪ್ಪಿಸಬೇಡಿ. ಪುಟ್ಟಿ ಮತ್ತು ಇವರ ನಮಸ್ಕಾರಗಳು.

ಇತಿ ನಿಮ್ಮ ಪ್ರೀತಿಯ ಮಗಳು