ಅರಣ್ಯ ಸಚಿವರಿಗೆ ಬಹಿರಂಗ ಪತ್ರ: ಸಸಿ ಕೊಡುವಾಗ ಬೀಜ ಎಲ್ಲಿಯದು ಅಂತಲೂ ಹೇಳಿ

ಮಾನ್ಯ ಅರಣ್ಯ ಸಚಿವರೇ, ನಮಸ್ಕಾರ.

ನೇರವಾಗಿ ವಿಷಯಕ್ಕೇ ಬರುತ್ತೇನೆ. ಮಳೆಗಾಲ ಶುರುವಾದರೆ ಶ್ರೀಗಂಧ, ಹೊನ್ನೆ, ಹೆಬ್ಬೇವು ಅಂತ ರಾಶಿ ರಾಶಿ ಸಸಿ ರೈತರ ಹೊಲಕ್ಕೆ ಹೋಗುತ್ತವೆ. ಆ ಕಪ್ಪು ಚೀಲದಲ್ಲಿರುವ ಸಸಿ ಯಾವ ಕಾಡಿನ ಬೀಜದ್ದು ಅಂತ ನಾನು ಒಂದು ನರ್ಸರಿಯಲ್ಲಿ ಕೇಳಿದೆ. "ಗಂಧ ಗಂಧಾನೇ ಅಲ್ವಾ ಸಾರ್, ಯಾವುದಾದ್ರೇನು" ಅಂದರು.

ಯಾವುದಾದರೂ ಆಗುವುದಿಲ್ಲ ಸಚಿವರೇ. ಗಂಧದ ಬೆಲೆ ಇರುವುದು ಚೇಗಿನಲ್ಲಿ, ಅಂದರೆ ಕಾಂಡದ ಒಳಗಿನ ಗಟ್ಟಿ ತಿರುಳಿನಲ್ಲಿ, ಆ ಚೇಗಿನ ಎಣ್ಣೆಯಲ್ಲಿ. ಐಎಸ್‌ಒ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಎಣ್ಣೆಯಲ್ಲಿ ಪರಿಮಳ ಕೊಡುವ ಅಂಶಗಳಾದ ಆಲ್ಫಾ ಸ್ಯಾಂಟಲಾಲ್ ಶೇ. 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ. 16ರಿಂದ 24 ಇರಬೇಕು. ಆದರೆ ಅಕ್ಕಪಕ್ಕದ ಎರಡು ಮರಗಳಲ್ಲೇ ಚೇಗಾಗಲಿ ಎಣ್ಣೆಯಾಗಲಿ ಒಂದೇ ಸಮ ಇರುವುದಿಲ್ಲ. ಮಣ್ಣು, ಮರದ ವಯಸ್ಸು, ಗಂಧ ಬೇರು ಚಾಚಿ ಆಹಾರ ಎಳೆದುಕೊಳ್ಳುವ ಪಕ್ಕದ ಆಸರೆ ಗಿಡ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ, ರೈತ ಅದನ್ನು ಹೇಗೋ ನೋಡಿಕೊಳ್ಳುತ್ತಾನೆ. ತಾಯಿಮರದ ಗುಣ ಮಾತ್ರ ಅವನ ಕೈಲಿಲ್ಲ. ಚೇಗು ಕೂಡಲು ಹತ್ತು ವರ್ಷವಾದರೂ ಬೇಕು, ಆಮೇಲೆ ಗೊತ್ತಾಗಿ ಏನು ಮಾಡುವುದು? ಕರ್ನಾಟಕ ಅರಣ್ಯ ಕಾಯ್ದೆಯ 2001ರ ತಿದ್ದುಪಡಿಯಲ್ಲಿ ಜಮೀನಿನ ಗಂಧದ ಮರಕ್ಕೆ ರೈತನೇ ಒಡೆಯ ಅಂತ ಸರ್ಕಾರ ಒಪ್ಪಿತು. ಒಡೆತನ ಕೊಟ್ಟ ಮೇಲೆ ಒಳ್ಳೆ ಬೀಜವನ್ನೂ ಕೊಡಬೇಕಲ್ಲ.

ಇನ್ನೊಂದು ವಿಷಯ ಯಾರೂ ಮಾತಾಡುವುದಿಲ್ಲ. ಕಳ್ಳರು ಕಡಿಯುವುದು ದಪ್ಪಗೆ ಚೇಗು ತುಂಬಿದ ಮರವನ್ನೇ. ಕಾಡಿನಲ್ಲಿ ಉಳಿಯುವುದು ಬಡಕಲು ಮರ, ಬೀಜ ಉದುರಿಸುವುದೂ ಅದೇ, ನರ್ಸರಿಗೆ ಬರುವುದೂ ಅದೇ. ಹೀಗೇ ನಡೆದರೆ ಒಂದೆರಡು ತಲೆಮಾರಿನಲ್ಲಿ ಗಂಧದ ಗಿಡ ಎಲ್ಲ ಕಡೆ ಇರುತ್ತದೆ, ಗಂಧ ಮಾತ್ರ ಇರುವುದಿಲ್ಲ.

ಹೊನ್ನೆಯದೂ ಇದೇ ಪಾಡು. ಅದರ ಚೇಗಿನ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಬಿಸಿಲಿಗೆ ಹಿಡಿದರೆ ಕಂದು ನೀರಿನ ಅಂಚಿನಲ್ಲಿ ಒಂಥರಾ ನೀಲಿ ಹೊಳಪು ಕಾಣುತ್ತದೆ. ಸಕ್ಕರೆ ಕಾಯಿಲೆಗೆ ಅಂತ ಜನ ಕುಡಿಯುತ್ತಾರೆ. ಚೇಗಿನಲ್ಲಿ ಟೆರೋಸ್ಟಿಲ್ಬೀನ್ ಥರದ ವಸ್ತುಗಳಿವೆ, ಪ್ರಯೋಗಾಲಯಗಳಲ್ಲಿ ಅವುಗಳ ಮೇಲೆ ಕೆಲಸವೂ ನಡೆದಿದೆ. ಆದರೆ ನರ್ಸರಿಗೆ ಬೀಜ ಆರಿಸುವಾಗ ನೋಡುವುದು ಏನು? ಮರ ನೆಟ್ಟಗಿದೆಯಾ, ಎತ್ತರ ಇದೆಯಾ, ಅಷ್ಟೇ.

ಈಗ ಮಿಶ್ರತಳಿಯ ಮಾತು. ಬೇಗ ಬೆಳೆಯುವ ಹೈಬ್ರಿಡ್ ಮರ ಬೇಕು ಅನ್ನುವವರು ಜಾಸ್ತಿಯಾಗುತ್ತಿದ್ದಾರೆ. ನಾನೇನೂ ಹೈಬ್ರಿಡ್ ವಿರೋಧಿಯಲ್ಲ, ಹೊಲದಲ್ಲಿ ಗುರುತು ಹಾಕಿ ಬೆಳೆಯಲಿ. ಆದರೆ ಫಿಜಿ ದ್ವೀಪಗಳಲ್ಲಿ ಏನಾಯಿತು ನೋಡಿ. ಅಲ್ಲಿನ ಸ್ವಂತ ಗಂಧ ಯಾಸಿ. ನಮ್ಮ ಗಂಧವನ್ನು ಒಯ್ದು ನೆಟ್ಟರು, ಎರಡೂ ತಾವಾಗಿಯೇ ಬೆರೆತವು, ಮಿಶ್ರ ಗಿಡಗಳು ಚೆನ್ನಾಗಿಯೇ ಬೆಳೆದವು, ಈಗ ಶುದ್ಧ ಯಾಸಿಯನ್ನು ಉಳಿಸಿಕೊಳ್ಳುವುದೇ ಅಲ್ಲಿಯವರಿಗೆ ಚಿಂತೆ. ಪರಾಗ ಹೊತ್ತೊಯ್ಯುವ ಜೇನುನೊಣಕ್ಕೆ ಬೇಲಿ ಹಾಕಲು ಆಗುವುದಿಲ್ಲ, ಹಣ್ಣು ತಿಂದು ಬೀಜ ಹಾಕುವ ಕೋಗಿಲೆ, ಪಿಕಳಾರಕ್ಕಂತೂ ಆಗುವುದೇ ಇಲ್ಲ. ಅಷ್ಟು ದೂರ ಯಾಕೆ, ನಂದಿಬೆಟ್ಟದಿಂದ ಹೊರಟ ನಮ್ಮ 'ಮೈಸೂರು ಗಮ್' ನೀಲಗಿರಿ ಶುದ್ಧ ತಳಿಯೋ ಮಿಶ್ರವೋ ಅಂತ ಸಸ್ಯಶಾಸ್ತ್ರಜ್ಞರು ವರ್ಷಗಟ್ಟಲೆ ವಾದ ಮಾಡಿದರು, ಅಷ್ಟರಲ್ಲಿ ಅದು ದೇಶದ ತುಂಬ ಹಬ್ಬಿಯಾಗಿತ್ತು.

ನಾನು ಕೇಳುತ್ತಿರುವುದು ದೊಡ್ಡ ಯೋಜನೆ ಅಲ್ಲ. ಪ್ರತಿ ಸಸಿ ಚೀಲಕ್ಕೆ ಒಂದು ಚೀಟಿ ಹಚ್ಚಿಸಿ: ಯಾವ ವಲಯದ ಬೀಜ, ಯಾವ ವರ್ಷದ್ದು, ಮಿಶ್ರತಳಿಯೋ ಅಲ್ಲವೋ. ತಾಯಿಮರಗಳನ್ನು ಕಡಿಯದೆಯೇ, ಸಣ್ಣ ಕೊರೆಯುವ ಉಪಕರಣದಿಂದ ಪೆನ್ಸಿಲ್‌ಗಿಂತ ತೆಳ್ಳಗಿನ ಚೇಗಿನ ಎಳೆ ತೆಗೆದು ಎಣ್ಣೆ ಪರೀಕ್ಷೆ ಮಾಡಬಹುದು. ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಬೆಂಗಳೂರಿನಲ್ಲೇ ಇದೆ, ಅವರಿಗೆ ಹೊಸ ಕೆಲಸವೇನೂ ಅಲ್ಲ. ಪರೀಕ್ಷೆಯಲ್ಲಿ ಗೆದ್ದ ಮರಗಳಿಗೆ ಸುಮ್ನೆ ನಂಬರ್ ಹೊಡೆದು ಬಿಡಬೇಡಿ, ಕಾವಲು ಕೊಡಿ. ಸಹಜ ಗಂಧ ಇರುವ ಕಾಡಿನ ಅಂಚಿನಲ್ಲಿ ಹೊರಗಿನ ಗಂಧದ ಜಾತಿಗಾಗಲಿ ಮಿಶ್ರತಳಿಗಾಗಲಿ ಅನುಮತಿ ಕೊಡಬೇಡಿ.

ಎಲ್ಲ ಮರಗಳಿಗೂ ಒಟ್ಟಿಗೆ ಆಗದಿದ್ದರೆ ಬೇಡ. ಮುಂದಿನ ಮುಂಗಾರಿಗೆ ಗಂಧ, ಹೊನ್ನೆ ಎರಡರಿಂದ ಶುರು ಮಾಡಿಸಿ.

ಇಂತಿ,
ಗಂಧದ ಸಸಿ ನೆಟ್ಟಿರುವ ಒಬ್ಬ ರೈತ