ಕನ್ನಡ ತಂತ್ರಾಂಶಕ್ಕೂ ಒಂದು ಸಹಿ ಬೇಕು

ಮಾನ್ಯ ಸಂಪಾದಕರೇ,

ಗದಗಿನಲ್ಲಿ 19 ವರ್ಷಗಳಿಂದ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್ ನಮ್ಮ ಕೆಲಸ. ಹಳೆಯ ಫೈಲುಗಳೆಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಅಕ್ಷರದಲ್ಲಿವೆ. ಹಾಗೇ ವಾಟ್ಸ್‌ಆ್ಯಪ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎಲ್ಲ ಫೋನ್, ಕಂಪ್ಯೂಟರ್‌ಗಳಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಲೇಬೇಕು. ಅದಕ್ಕೆಂದು ಒಬ್ಬ ಹುಡುಗ ತಾನೇ ಬರೆದು ಪುಕ್ಕಟೆ ಹಂಚುವ ಪುಟ್ಟ ಕನ್ವರ್ಟರ್ ಇಳಿಸಿಕೊಂಡೆ.

ತೆರೆದ ಕೂಡಲೇ ವಿಂಡೋಸ್‌ನ ನೀಲಿ ಬಾಕ್ಸ್. ನಿಮ್ಮ ಕಂಪ್ಯೂಟರನ್ನು ಕಾಪಾಡಿದ್ದೇನೆ ಅನ್ನುತ್ತದೆ. ಕಾಣುವುದು 'ಡೋಂಟ್ ರನ್' ಬಟನ್ ಒಂದೇ. 'ಮೋರ್ ಇನ್ಫೋ' ಒತ್ತಿದ ಮೇಲೆ 'ರನ್ ಎನಿವೇ' ಹೊರಬರುತ್ತದೆ. ಒತ್ತಿದೆ. ಕನ್ವರ್ಟರ್ ಚೊಕ್ಕಾಗಿ ನಡೆಯಿತು, ಅರ್ಕಾವತ್ತು ಕೂಡ ಜಾಗ ತಪ್ಪಲಿಲ್ಲ. ಹೊಸ ಆವೃತ್ತಿ ಬಂದಾಗಲೆಲ್ಲ ಮತ್ತೆ ಅದೇ ಬಾಕ್ಸ್, ಅದೇ ಎರಡು ಕ್ಲಿಕ್. ಅಂಗಡಿ ಹುಡುಗನಿಗೂ ಅದು ರೂಢಿಯಾಯಿತು.

ಎಡವಟ್ಟಾದದ್ದು ಅಲ್ಲೇ. ಹೋದ ಲಗ್ನದ ಸೀಸನ್‌ನಲ್ಲಿ ಅವನು ಎಲ್ಲಿಂದಲೋ ಕ್ರ್ಯಾಕ್ ಮಾಡಿದ ಪಿಡಿಎಫ್ ತಂತ್ರಾಂಶ ತಂದ. ಅದೇ ನೀಲಿ ಬಾಕ್ಸ್ ಬಂತು, ಅದೇ ಎರಡು ಕ್ಲಿಕ್ ಒತ್ತಿದ. ಮರುದಿನ ಬೆಳಿಗ್ಗೆ ಒಂದು ಫೈಲೂ ತೆರೆಯಲಿಲ್ಲ. ದುಡ್ಡು ಕೇಳುವ ಚೀಟಿ ಮಾತ್ರ ಇತ್ತು. 11 ಲಗ್ನಪತ್ರಿಕೆ ಮತ್ತೆ ಟೈಪ್ ಮಾಡಿದೆವು. ಹುಡುಗನನ್ನು ಬೈದೆ. ಆಮೇಲೆ ಅನಿಸಿತು, ಆ ರೂಢಿ ಹಾಕಿದವನು ನಾನೇ ಅಲ್ವಾ?

ಆ ಬಾಕ್ಸ್‌ಗೆ ಕಳ್ಳನೂ ಒಂದೇ, ಗುರುತಿಲ್ಲದವನೂ ಒಂದೇ. ಜಾಸ್ತಿ ಜನ ಇಳಿಸಿಕೊಂಡ ಫೈಲಿಗೆ ಅದು ಸುಮ್ಮನಿರುತ್ತದೆ. ನುಡಿ ಕನ್ವರ್ಟರ್ ಬೇಕಾದವರು ಎಷ್ಟು ಮಂದಿ? ನನ್ನಂಥ ಅಂಗಡಿಯವರು, ಒಂದಿಷ್ಟು ಪತ್ರಿಕೆಯವರು. ಡಿಜಿಟಲ್ ಸಹಿ, ಅಂದರೆ ತಂತ್ರಾಂಶ ಕೊಟ್ಟವರು ಯಾರೆಂದು ತೋರಿಸುವ ಮುದ್ರೆ, ಇದ್ದರೆ ಆ ಹೆಸರಿಗೆ ನಿಧಾನವಾಗಿ ಗುರುತು ಕೂಡಿಬರುತ್ತದೆ. ಇಲ್ಲದಿದ್ದರೆ ಪ್ರತಿ ಹೊಸ ಆವೃತ್ತಿಯೂ ಸೊನ್ನೆಯಿಂದ ಶುರು. ಸಹಿಯ ಸರ್ಟಿಫಿಕೇಟ್‌ಗೆ ಸಾವಿರಾರು ರೂಪಾಯಿ. ಮ್ಯಾಕ್‌ಗೂ ಕೊಡಬೇಕೆಂದರೆ ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟಬೇಕು. ಪುಕ್ಕಟೆ ಹಂಚುವ ಹುಡುಗ ಇದನ್ನೂ ಕೈಯಿಂದ ಹಾಕಬೇಕೇ?

ಈಗ ನಾನು ಬರೆದವರ ಸ್ವಂತ ಪುಟದಿಂದಲೇ ಇಳಿಸುತ್ತೇನೆ. ಅಲ್ಲಿ ಕೊಟ್ಟ 64 ಅಕ್ಷರದ ಎಸ್‌ಎಚ್‌ಎ-256 ಸಂಕೇತವನ್ನು (ಫೈಲಿನ ಬೆರಳಚ್ಚು ಇದ್ದಂತೆ, ಫೈಲು ಸ್ವಲ್ಪ ಬದಲಾದರೂ ಇದು ಬೇರೆಯಾಗುತ್ತದೆ) ನನ್ನ ಫೈಲಿನದರ ಜೊತೆ ತಾಳೆ ನೋಡುತ್ತೇನೆ. ಹಲವು ಆ್ಯಂಟಿವೈರಸ್‌ಗಳಿಂದ ಒಟ್ಟಿಗೆ ಪರೀಕ್ಷಿಸುವ ವೈರಸ್‌ಟೋಟಲ್ ಜಾಲತಾಣಕ್ಕೂ ಹಾಕುತ್ತೇನೆ. ಒಂದು ಚಹಾ ಕುಡಿಯುವಷ್ಟು ಹೊತ್ತು. ಗಿರಾಕಿ ಎದುರು ನಿಂತಿರುವಾಗ ಅಷ್ಟು ಪುರುಸೊತ್ತು ಯಾರಿಗಿದೆ, ಹೇಳಿ.

ನುಡಿ ಬಂದದ್ದು ಸರ್ಕಾರದ ಬೆಂಬಲದಿಂದ. ಇಂಥ ಪುಟ್ಟ ತಂತ್ರಾಂಶಗಳ ಕೋಡನ್ನೂ ಸರ್ಕಾರ ಬಲ್ಲವರಿಂದ ಪರೀಕ್ಷೆ ಮಾಡಿಸಲಿ. ತನ್ನ ಹೆಸರಿನ ಸಹಿ ಹಾಕಿ ಒಂದು ಪುಟದಲ್ಲಿ ಇಡಲಿ. ಆಗ ಅಂಗಡಿ ಹುಡುಗನಿಗೆ 'ನೀಲಿ ಬಾಕ್ಸ್ ಬಂದರೆ ಮುಟ್ಟಬೇಡ' ಅಂತ ಹೇಳಬಹುದು. ಈಗ ಹಾಗೆ ಹೇಳಿದರೆ ಅಂಗಡಿ ಕೆಲಸವೇ ನಿಲ್ಲುತ್ತದೆ.

– ಡಿಟಿಪಿ ಅಂಗಡಿಯವ, ಗದಗ